ಕೃಷಿ ಹೊಂಡದ ಲೆಕ್ಕ: ಎ × ಎಚ್‌ಗೆ ಪ್ರಾಡಕ್ಟ್ ರೂಲ್ ಯಾಕೆ ಹಾಕಬಾರದು

ಅಗಲ ಮೇಲಕ್ಕೆ ಹೋದಂತೆ ಹೆಚ್ಚುವ ಪಾತ್ರೆಗೆ ನೀರು ಬೀಳುತ್ತಿದೆ, ಮಟ್ಟ ಏರುವ ವೇಗ ಎಷ್ಟು? ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ತಲೆ ಕೆಡಿಸುವ ಲೆಕ್ಕ ಇದು. ಪುಸ್ತಕದ ಶಂಕು ಬಿಡಿ, ಕೋಲಾರದ ಕಡೆ ಟೊಮೆಟೊ ತೋಟದ ಮಗ್ಗುಲಲ್ಲಿ ಕಾಣುವ ಕೃಷಿ ಹೊಂಡವನ್ನೇ ತಗೊಳ್ಳೋಣ. ಬಾಯಿ 12 ಮೀಟರ್ ಚೌಕ, ಆಳ 3 ಮೀಟರ್. ಮಣ್ಣು ಕುಸಿಯದಿರಲಿ ಅಂತ ಗೋಡೆಗೆ 1:1 ಇಳಿಜಾರು. 1 ಮೀಟರ್ ಇಳಿದರೆ ಒಂದೊಂದು ಬದಿಯೂ 1 ಮೀಟರ್ ಒಳಕ್ಕೆ ಬರುತ್ತದೆ, ಹಾಗಾಗಿ ತಳ 6 ಮೀಟರ್ ಚೌಕ.

ತಳದಿಂದ ಎಚ್ ಎತ್ತರದಲ್ಲಿ ಅಗಲ ಯು = 6 + 2ಎಚ್. ವಿಸ್ತೀರ್ಣ ಎ = ಯು². ಬದಿ ಎರಡಿರುವುದರಿಂದ 2ಎಚ್. ಇಲ್ಲೇ 6 + ಎಚ್ ಅಂತ ಬರೆದರೆ ಮುಂದಿನದೆಲ್ಲ ದಂಡ.

ಗಾತ್ರ ವಿ ಬೇಕಾದರೆ ಎ ಅನ್ನು 0ರಿಂದ 3ರವರೆಗೆ ಇಂಟಿಗ್ರೇಟ್ ಮಾಡಿ. ಎಚ್ ಬದಲು ಯು ಮೇಲೆ ಇಂಟಿಗ್ರೇಟ್ ಮಾಡಿದರೆ ಸುಲಭ: ಡಿಯು = 2 ಡಿಎಚ್, ಲಿಮಿಟ್ 6ರಿಂದ 12 ಆಗುತ್ತದೆ. ವಿ = (12³ − 6³)/6 = 252 ಘನ ಮೀಟರ್, ಅಂದರೆ 2,52,000 ಲೀಟರ್. ಡಿಯುನ ಆ 2ರಿಂದ ಭಾಗಿಸದಿದ್ದರೆ 504 ಬರುತ್ತದೆ. ಲಿಮಿಟ್ 0, 3 ಹಾಗೇ ಉಳಿಸಿದರೆ 4.5. ಎರಡೂ ತಪ್ಪೆಂದು ನೋಡಿದ ಕೂಡಲೇ ಹೇಳಬಹುದು: ತಳದಷ್ಟೇ ಅಗಲವಾಗಿ ನೇರ ತೋಡಿದರೂ 36 × 3 = 108 ಸಿಗುತ್ತದೆ, ಬಾಯಿಯಷ್ಟು ಅಗಲವಾಗಿ ತೋಡಿದರೆ 432. ಉತ್ತರ ಇವೆರಡರ ನಡುವೆಯೇ ಇರಬೇಕು. ಇನ್ನೂ ಗಟ್ಟಿ ಪರೀಕ್ಷೆ ಸಿಂಪ್ಸನ್ ಸೂತ್ರ, ಅಂದರೆ ಆಳದ ಆರನೇ ಒಂದು ಭಾಗ × (ತಳದ ವಿಸ್ತೀರ್ಣ + 4 × ನಡುಮಟ್ಟದ್ದು + ಬಾಯಿಯದು): (3/6) × (36 + 4 × 81 + 144) = 252. ಘಾತ ಮೂರು ಮೀರದ ಬಹುಪದಕ್ಕೆ ಇದು ಅಂದಾಜಲ್ಲ, ನಿಖರ ಉತ್ತರ. ಮೂರೇ ಸಂಖ್ಯೆ, ಅರ್ಧ ನಿಮಿಷ. ಪರೀಕ್ಷೆಯಲ್ಲಿ ಮಾರ್ಜಿನ್‌ನಲ್ಲಿ ಮಾಡಿ ನೋಡಿಕೊಳ್ಳಿ.

ಈಗ ನಿಜವಾದ ತೊಡಕು. ಗಂಟೆಗೆ 10,000 ಲೀಟರ್ ಬೀಳುತ್ತಿದೆ ಅಂದುಕೊಳ್ಳಿ. ಪುಸ್ತಕ ಒಂದೇ ಸಾಲಲ್ಲಿ ಡಿವಿ/ಡಿಟಿ = ಎ × ಡಿಎಚ್/ಡಿಟಿ ಅಂತ ಬರೆದು (ಟಿ ಅಂದರೆ ಸಮಯ) ಮುಂದೆ ಹೋಗುತ್ತದೆ. ಮಟ್ಟ ಏರಿದಂತೆ ಎ ಕೂಡ ಬದಲಾಗುತ್ತದಲ್ಲ, ವಿ = ಎ × ಎಚ್‌ಗೆ ಪ್ರಾಡಕ್ಟ್ ರೂಲ್ (ಗುಣಲಬ್ಧವನ್ನು ಡಿಫರೆನ್ಶಿಯೇಟ್ ಮಾಡುವ ನಿಯಮ) ಹಾಕಿದರೆ ಬರುವ ಎಚ್ × ಡಿಎ/ಡಿಟಿ ಎಲ್ಲಿ ಹೋಯಿತು?

ಪ್ರಾಡಕ್ಟ್ ರೂಲ್‌ದೇನೂ ತಪ್ಪಿಲ್ಲ. ತಪ್ಪಿರುವುದು ವಿ = ಎ × ಎಚ್ ಅನ್ನುವುದರಲ್ಲಿ. ಎಚ್ = 1 ಇಟ್ಟು ನೋಡಿ. ಅಗಲ 8, ಎ = 64, ಎ × ಎಚ್ = 64. ಆದರೆ ಹೊಂಡದಲ್ಲಿರುವ ನೀರು (8³ − 6³)/6 = 49.33 ಮಾತ್ರ. 64 ಅನ್ನುವುದು ಮೇಲ್ಮೈಯಷ್ಟೇ ಅಗಲದ, ನೇರ ಗೋಡೆಯ ಡಬ್ಬಿಯ ಗಾತ್ರ. ಅದರಲ್ಲಿ ಇಳಿಜಾರಿನ ಮಣ್ಣೂ ಸೇರಿಬಿಟ್ಟಿದೆ. ಆ ಡಬ್ಬಿಯಲ್ಲಿ ಮಟ್ಟ ಏರಿದಾಗಲೆಲ್ಲ ಕೆಳಗಿನ ಪದರಗಳೂ ಅಗಲವಾಗಬೇಕು, ಎಚ್ × ಡಿಎ ಅಂದರೆ ಅದೇ. ಹೊಂಡದಲ್ಲಿ ಕೆಳಗಿನ ನೀರು ಇದ್ದಲ್ಲೇ ಇರುತ್ತದೆ, ಸೇರುವುದು ಮೇಲಿನ ಪದರ ಮಾತ್ರ. ಮಟ್ಟ 1ರಿಂದ 1.01ಕ್ಕೆ ಏರಿದರೆ ಆ ಪದರದ ಅಡಿ 64, ಮೇಲ್ಗಡೆ 8.02² = 64.32. ಗಾತ್ರ 0.64 ಮತ್ತು 0.6432ರ ನಡುವೆ. ಪದರ ತೆಳುವಾದಷ್ಟೂ ಆ ವ್ಯತ್ಯಾಸ ಇನ್ನೂ ಬೇಗ ಕರಗಿ ಎ × ಡಿಎಚ್ ಉಳಿಯುತ್ತದೆ. ವಿ ಒಂದು ಇಂಟಿಗ್ರಲ್ ಆದ್ದರಿಂದ ಅದನ್ನು ಎಚ್ ಮೇಲೆ ಡಿಫರೆನ್ಶಿಯೇಟ್ ಮಾಡಿದರೆ ಒಳಗಿನ ಎ ಹೊರಬರುತ್ತದೆ, ಅಷ್ಟೇ.

ಮುಂದೆ ಸಲೀಸು. 10,000 ಲೀಟರನ್ನು ಮೊದಲು 10 ಘನ ಮೀಟರ್ ಮಾಡಿಕೊಳ್ಳಿ. ತಳದಲ್ಲಿ 10/36, ಗಂಟೆಗೆ ಸುಮಾರು 28 ಸೆಂಟಿಮೀಟರ್. ಬಾಯಿಯ ಹತ್ತಿರ 10/144, ಸುಮಾರು 7 ಸೆಂಟಿಮೀಟರ್. ಅರ್ಧ ಎತ್ತರದಲ್ಲಿ ಇರುವ ನೀರು 85.5 ಘನ ಮೀಟರ್, ಪೂರ್ತಿಯ ಮೂರನೇ ಒಂದು ಭಾಗದಷ್ಟು. ಅರ್ಧ ನೀರು ತುಂಬಲು ಮಟ್ಟ ಸುಮಾರು 1.95 ಮೀಟರ್‌ಗೆ ಬರಬೇಕು.

ಆವಿಯ ಪ್ರಶ್ನೆ ಬಂದರೆ ಹೆದರಬೇಡಿ. ಆವಿಯಾಗುವ ದರ ಮೇಲ್ಮೈಗೆ ಅನುಪಾತ ಅಂತ ಕೊಟ್ಟಿದ್ದರೆ ಡಿವಿ/ಡಿಟಿ = −ಕೆ × ಎ (ಕೆ ಬದಲಾಗದ ಸಂಖ್ಯೆ). ಎಡಗಡೆ ಮತ್ತೆ ಎ × ಡಿಎಚ್/ಡಿಟಿ. ಎರಡೂ ಕಡೆಯ ಎ ಹೊಡೆದುಹೋಗಿ ಡಿಎಚ್/ಡಿಟಿ = −ಕೆ ಉಳಿಯುತ್ತದೆ. ದಿನಕ್ಕೆ 5 ಮಿಲಿಮೀಟರ್ ಅಂದರೆ ತುಂಬಿದಾಗ 720 ಲೀಟರ್, ತಳ ಮುಟ್ಟುವಾಗ 180 ಲೀಟರ್. ಮಟ್ಟ ಇಳಿಯುವುದು ಮಾತ್ರ ಆಗಲೂ ಈಗಲೂ ಅದೇ 5 ಮಿಲಿಮೀಟರ್.