ಎಲ್ಲ ಯುದ್ಧಗಳಿಗಿಂತ ಮನೆಯ ಬಂದೂಕಿಗೇ ಜಾಸ್ತಿ ಜನ ಸತ್ತರಾ?

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದಲ್ಲಿದೆ. ಅಲ್ಲಿ ಯಾವುದಾದರೂ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತದೆ. ಆ ದೇಶದ ಎಲ್ಲ ಯುದ್ಧಗಳಲ್ಲಿ ಸತ್ತ ಸೈನಿಕರಿಗಿಂತ, 1968ರಿಂದ ಈಚೆಗೆ ದೇಶದೊಳಗೆ ಗುಂಡೇಟಿಗೆ ಸತ್ತವರೇ ಜಾಸ್ತಿಯಂತೆ. ಇದು ನಿಜವಾ?

ಉತ್ತರ: ನಿಜ. 1775ರ ಸ್ವಾತಂತ್ರ್ಯ ಯುದ್ಧದಿಂದ ಹಿಡಿದು ಇರಾಕ್, ಅಫ್ಘಾನಿಸ್ತಾನದವರೆಗೆ ಸತ್ತ ಅಮೆರಿಕದ ಸೈನಿಕರು 12ರಿಂದ 14 ಲಕ್ಷ. ಲೆಕ್ಕ ಹೀಗೆ ಹಿಂದೆ ಮುಂದೆ ಆಗಲು ಕಾರಣ 1861–65ರ ಅಂತರ್ಯುದ್ಧ. ಅದರಲ್ಲಿ ಸತ್ತವರು 6,20,000 ಎಂದೇ ಎಲ್ಲರೂ ಬರೆಯುತ್ತಿದ್ದರು. 2011ರಲ್ಲಿ ಜೆ. ಡೇವಿಡ್ ಹ್ಯಾಕರ್ ಎಂಬ ಇತಿಹಾಸಕಾರರು ಹಳೆಯ ಜನಗಣತಿ ಜಾಲಾಡಿ, 7,50,000 ಇರಬಹುದು ಎಂದರು. ಇನ್ನೊಂದು ಕಡೆ, 1968ರಿಂದ ಗುಂಡೇಟಿಗೆ ಸತ್ತವರು 2015ರ ಹೊತ್ತಿಗೇ ಸುಮಾರು 15 ಲಕ್ಷ. ಅಲ್ಲಿಂದ ಈಚೆಗೆ ಆ ಮೊತ್ತ ಇನ್ನೂ ಏರಿದೆ. 2021 ಒಂದೇ ವರ್ಷದಲ್ಲಿ 48,830 ಜನ. ಇಡೀ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ನರು 58,220.

1968 ಯಾಕೆ? ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅಧ್ಯಕ್ಷ ಜಾನ್ ಕೆನಡಿಯ ತಮ್ಮ ರಾಬರ್ಟ್ ಕೆನಡಿ ಇಬ್ಬರನ್ನೂ ಗುಂಡಿಟ್ಟು ಕೊಂದ ವರ್ಷ ಅದು. ದೊಡ್ಡ ಬಂದೂಕು ಕಾನೂನೊಂದು ಬಂದದ್ದೂ ಅದೇ ವರ್ಷ.

ಲೆಕ್ಕವೇನೋ ಸರಿ. ಆದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟಿರುವುದು ಒಂದೇ ಥರದ ಸಾವುಗಳಲ್ಲ. ಅಂತರ್ಯುದ್ಧದಲ್ಲಿ ಸತ್ತ ಮೂವರಲ್ಲಿ ಇಬ್ಬರನ್ನು ಕೊಂದದ್ದು ಭೇದಿ, ಜ್ವರದಂಥ ಕಾಯಿಲೆಗಳು. ಮೊದಲ ಮಹಾಯುದ್ಧದ 1,16,516 ಸಾವುಗಳಲ್ಲೂ ಅರ್ಧಕ್ಕಿಂತ ಹೆಚ್ಚು ರಣರಂಗದ ಹೊರಗೆ ಆದವು, ಬಹುಪಾಲು ಫ್ಲೂ ಜ್ವರದಿಂದ. ಆಗಿನ ಜನಸಂಖ್ಯೆಯನ್ನೂ ನೋಡಬೇಕು. 1860ರಲ್ಲಿ ಆ ದೇಶದಲ್ಲಿ ಇದ್ದದ್ದು ಸುಮಾರು 3.1 ಕೋಟಿ ಜನ, ಈಗ 33 ಕೋಟಿ ದಾಟಿದೆ. ನಾಲ್ಕೇ ವರ್ಷದಲ್ಲಿ ನೂರಕ್ಕೆ ಇಬ್ಬರನ್ನು ನುಂಗಿದ ಯುದ್ಧ ಅದು. ಇನ್ನೊಂದು ಮಾತು ನನ್ನನ್ನು ತುಂಬಾ ಕಾಡುತ್ತದೆ: ಈ ಲೆಕ್ಕದಲ್ಲಿ ಸತ್ತ ವಿಯೆಟ್ನಾಮಿಗಳಿಲ್ಲ, ಇರಾಕಿಗಳಿಲ್ಲ. ಅವರನ್ನೂ ಸೇರಿಸಿದರೆ ಹೋಲಿಕೆ ಅಲ್ಲೇ ಬಿದ್ದುಹೋಗುತ್ತದೆ.

ಹಾಗಂತ ಯುದ್ಧಕ್ಕೆ ಹೋಲಿಸಲೇಬಾರದು ಅಂತಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಲ್ಕು ನಗರಗಳ ಯುವಕರ ಅಪಾಯವನ್ನು ಇರಾಕ್, ಅಫ್ಘಾನಿಸ್ತಾನದಲ್ಲಿದ್ದ ಸೈನಿಕರ ಅಪಾಯದ ಪಕ್ಕ ಇಟ್ಟು ನೋಡಿತು. ಶಿಕಾಗೊ, ಫಿಲಡೆಲ್ಫಿಯಾಗಳ ಅತಿ ಹಿಂಸೆಯ ಬಡಾವಣೆಗಳಲ್ಲಿ ಯುವಕರಿಗೆ ಸೈನಿಕರಿಗಿಂತ ಜಾಸ್ತಿ ಅಪಾಯವಿತ್ತು. ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳಲ್ಲಿ ಕಡಿಮೆ. ವಯಸ್ಸು, ಜಾಗ, ಅವಧಿ ಎಲ್ಲ ಹೊಂದಿಸಿಕೊಂಡು ಕೇಳಿದ ಪ್ರಶ್ನೆ ಅದು. ಹಾಗಾಗಿ ಅದರ ಉತ್ತರದಿಂದ ಯಾವ ಬೀದಿಗೆ ಸಹಾಯ ಬೇಕು ಅಂತಾದರೂ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. "ಯುದ್ಧ" ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಇನ್ನೊಬ್ಬನಿಗೆ ಗುಂಡು ಹೊಡೆಯುವ ಚಿತ್ರ. 2021ರ ಆ 48,830 ಸಾವುಗಳನ್ನು ಬಿಡಿಸಿ ನೋಡಿ. ಕೊಲೆ 20,958. ಆತ್ಮಹತ್ಯೆ 26,328. ಅರ್ಧಕ್ಕಿಂತ ಹೆಚ್ಚು ಜನ ಬೇರೆ ಯಾರ ಕೈಯಿಂದಲೂ ಸತ್ತವರಲ್ಲ. ಅಲ್ಲಿ ಶತ್ರುವೇ ಇರಲಿಲ್ಲ. ಟಿವಿಯಲ್ಲೂ ಬರಲಿಲ್ಲ.

ಬಂದೂಕು ಕಾನೂನು ಬೇಡ ಎನ್ನುವವರು ಈ ಆತ್ಮಹತ್ಯೆಗಳನ್ನು ಲೆಕ್ಕದಿಂದ ತೆಗೆಯಿರಿ ಅಂತಾರೆ. ಸಾಯಬೇಕು ಅಂದುಕೊಂಡವರು ಹೇಗಾದರೂ ಸಾಯುತ್ತಾರೆ ಎನ್ನುವುದು ಅವರ ವಾದ. ಅದು ತಪ್ಪು. ಒಮ್ಮೆ ಪ್ರಯತ್ನಿಸಿ ಬದುಕುಳಿದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಗಳಿಗೆ ದಾಟಿದರೆ ಸಾಕು. ಕೈಗೆಟುಕುವಲ್ಲಿ ಬಂದೂಕಿದ್ದರೆ ದಾಟುವ ಅವಕಾಶವೇ ಸಿಗುವುದಿಲ್ಲ.

ಇದಕ್ಕೆ ಸಾಕ್ಷಿ ಸಿಕ್ಕಿದ್ದು ಒಂದು ಸೇನೆಯಲ್ಲೇ. ಇಸ್ರೇಲ್‌ನ ಯುವ ಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಬಂದೂಕನ್ನೂ ಒಯ್ಯುತ್ತಿದ್ದರು. 2006ರಲ್ಲಿ ಅದನ್ನು ಶಿಬಿರದಲ್ಲೇ ಬಿಟ್ಟುಹೋಗಿ ಎಂದು ನಿಯಮ ಬದಲಿಸಿದರು. ಆತ್ಮಹತ್ಯೆಗಳು ಸುಮಾರು 40% ಇಳಿದವು. ವಾರದ ದಿನಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ, ಇಳಿದದ್ದು ವಾರಾಂತ್ಯದಲ್ಲಿ. ಹುಡುಗರು ಅವರೇ, ಕಷ್ಟಗಳೂ ಅವೇ. ಮನೆಯಲ್ಲಿ ಬಂದೂಕಿರಲಿಲ್ಲ, ಅಷ್ಟೇ.

ನಿಮ್ಮ ಮಗಳಿಗೆ ಆ ಸಂದೇಶ ಕಳಿಸುವ ಬದಲು ಒಂದು ಮಾತು ಹೇಳಿ. ಅಮೆರಿಕದ ಮಕ್ಕಳ ವೈದ್ಯರೇ ತಂದೆತಾಯಿಗೆ ಕೊಡುವ ಸಲಹೆ ಇದು. ಮೊಮ್ಮಕ್ಕಳು ಗೆಳೆಯರ ಮನೆಗೆ ಆಡಲು ಹೋಗುವ ಮುಂಚೆ ಆ ಮನೆಯವರನ್ನು ಕೇಳಬೇಕು: ನಿಮ್ಮಲ್ಲಿ ಬಂದೂಕಿದೆಯಾ? ಇದ್ದರೆ, ಗುಂಡು ತೆಗೆದು ಬೀಗ ಹಾಕಿದ್ದೀರಾ? ಕೇಳಲು ಸಂಕೋಚ ಅನಿಸುತ್ತದೆ ನಿಜ. ಕಡಲೆಕಾಯಿ ಅಲರ್ಜಿ, ಮನೆಯ ನಾಯಿ ಬಗ್ಗೆ ಕೇಳುವಾಗ ಇದನ್ನೂ ಸೇರಿಸಿ ಕೇಳಿಬಿಡಲಿ.