ಪದ ಪರಿಚಯ: ಹೋಮೇಜ್ – ಮ್ಯೂಸಿಕ್ ವಿಡಿಯೊ ಹಳೆಯ ಸಿನಿಮಾದ ಋಣ ಹೇಳಿಕೊಳ್ಳುವ ಬಗೆ

ಹೋಮೇಜ್ ಎಂಬ ಮಾತು ಹುಟ್ಟಿದ್ದು ಮಧ್ಯಯುಗದ ಯುರೋಪಿನಲ್ಲಿ. ಹಳೆಯ ಫ್ರೆಂಚಿನ ‘ಓಮ್’ ಎಂದರೆ ಮನುಷ್ಯ, ಆಳು. ಸಾಮಂತನಾಗುವವನು ಮಂಡಿಯೂರಿ, ಜೋಡಿಸಿದ ಕೈಗಳನ್ನು ಒಡೆಯನ ಎರಡು ಕೈಗಳ ನಡುವೆ ಇಟ್ಟು, ಇನ್ನು ತಾನು ಅವನ ಆಳು ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಿದ್ದ. ಆ ವಿಧಿಯ ಹೆಸರೇ ಹೋಮೇಜ್. ಇವತ್ತು ಮ್ಯೂಸಿಕ್ ವಿಡಿಯೊದವರು ಹಳೆಯ ಚಿತ್ರದ ಸೆಟ್ಟು, ಉಡುಪು, ಕುಣಿತ, ಕ್ಯಾಮೆರಾ ಇಟ್ಟ ಜಾಗ ಇವನ್ನೆಲ್ಲ ಬೇಕೆಂದೇ ಗುರುತು ಹತ್ತುವಂತೆ ಮತ್ತೆ ಕಟ್ಟಿದರೆ ಅದನ್ನು ಹೋಮೇಜ್ ಎನ್ನುತ್ತೇವೆ. ಕನ್ನಡದಲ್ಲಿ ‘ಗೌರವಾರ್ಪಣೆ’ ಎಂದು ಬರೆಯುವುದುಂಟು. ಅದರಲ್ಲಿ ಗೌರವವೇನೋ ಉಳಿಯಿತು, ನಾಲ್ಕು ಜನರ ಮುಂದೆ ಸಾಲ ಒಪ್ಪಿಕೊಳ್ಳುವ ಅಂಶ ಬಿಟ್ಟುಹೋಯಿತು. ‘ಋಣ ಹೇಳಿಕೊಳ್ಳುವುದು’ ಎಂದರೆ ಅರ್ಥಕ್ಕೆ ಇನ್ನೂ ಹತ್ತಿರ.

ಒಂದು ಕೊಡೆಯನ್ನೇ ತೆಗೆದುಕೊಳ್ಳಿ. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ತೆಗೆದ ‘ಎ ಟ್ರಿಪ್ ಟು ದ ಮೂನ್’ ಚಿತ್ರದಲ್ಲಿ ಚಂದ್ರಲೋಕದವರಿಗೆ ಕೊಡೆಯಿಂದ ಬಡಿದರೆ ಸಾಕು, ಹೊಗೆಯಾಗಿ ಮಾಯವಾಗುತ್ತಾರೆ. ಮಾಡಿದ್ದು ಹೀಗೆ: ಏಟು ಬೀಳುವ ಗಳಿಗೆಯಲ್ಲಿ ಕ್ಯಾಮೆರಾ ನಿಲ್ಲಿಸುವುದು, ಉಳಿದವರು ನಿಂತ ಭಂಗಿಯಲ್ಲೇ ಇರುವಾಗ ಆ ನಟನನ್ನು ಆಚೆ ಕಳಿಸಿ ಅವನ ಜಾಗದಲ್ಲಿ ಹೊಗೆ ಎಬ್ಬಿಸುವುದು, ಮತ್ತೆ ಚಿತ್ರೀಕರಿಸುವುದು, ಆಮೇಲೆ ಫಿಲಂ ಕತ್ತರಿಸಿ ಎರಡು ತುದಿಗಳನ್ನು ಕೂಡಿಸಿ ಅಂಟಿಸುವುದು. 1996ರಲ್ಲಿ ಅಮೆರಿಕದ ರಾಕ್ ತಂಡ ಸ್ಮ್ಯಾಶಿಂಗ್ ಪಂಪ್‌ಕಿನ್ಸ್‌ನ ‘ಟುನೈಟ್, ಟುನೈಟ್’ ಹಾಡಿಗೆ ಜೊನಾಥನ್ ಡೇಟನ್ ಮತ್ತು ವ್ಯಾಲರಿ ಫಾರಿಸ್ ವಿಡಿಯೊ ಮಾಡಿದಾಗ ಅದೇ ಕೊಡೆ, ಅದೇ ಹೊಗೆ, ಬಣ್ಣ ಬಳಿದ ಅದೇ ಬಗೆಯ ಪರದೆಗಳು ಬಂದವು. ಆದರೆ ಮೂಲದಲ್ಲಿ ಯಾತ್ರಿಕರು ಕೂತ ಗುಂಡು ಫಿರಂಗಿಯಿಂದ ಹಾರಿ ಚಂದ್ರನ ಕಣ್ಣಿಗೆ ನಾಟಿದರೆ, ಇಲ್ಲಿ ಗಂಡುಹೆಣ್ಣಿಬ್ಬರು ಆಕಾಶನೌಕೆಯಿಂದ ಕೊಡೆ ಬಿಚ್ಚಿಕೊಂಡು ಚಂದ್ರನ ಮೇಲೆ ಇಳಿಯುತ್ತಾರೆ. ಕೊನೆಗೆ ಅವರನ್ನು ಸಮುದ್ರದಿಂದ ಎತ್ತುವ ಹಡಗಿನ ಹೆಸರು ‘ಎಸ್.ಎಸ್. ಮೆಲಿಯೆಸ್’. ಕೈಗಳನ್ನು ಒಡೆಯನ ಕೈಗಳ ನಡುವೆ ಇಡುವುದೆಂದರೆ ಇದೇ.

ಮೂಕಿ ಚಿತ್ರಗಳಿಗೆ ಹೋಮೇಜ್ ಮಾಡಹೊರಟವರು ಮುಗ್ಗರಿಸುವ ಎರಡು ಜಾಗಗಳಿವೆ. ಮೆಲಿಯೆಸ್‌ನ ಕ್ಯಾಮೆರಾ ನಾಟಕಶಾಲೆಯ ನಡುಸಾಲಿನ ಪ್ರೇಕ್ಷಕನಂತೆ ಒಂದೇ ಕಡೆ ಕೂತಿರುತ್ತದೆ. ಪರದೆಯ ಮೇಲೆ ಬರೆದ ದೂರ–ಹತ್ತಿರಗಳು ಸರಿಕಾಣುವುದು ಆ ಒಂದು ಜಾಗದಿಂದ ಮಾತ್ರ. ಅಂಥ ಸೆಟ್ ಹಾಕಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಸುತ್ತಿದರೆ ಬರೆದ ಬೆಟ್ಟ ಕದಲುವುದಿಲ್ಲ, ಬಟ್ಟೆಯಾಗಿಯೇ ಕಾಣುತ್ತದೆ. ಇನ್ನೊಂದು, ವೇಗ. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಸೆಕೆಂಡಿಗೆ ಸುಮಾರು 16 ಫ್ರೇಮ್ ತೆಗೆದದ್ದನ್ನು ಮುಂದೆ 24 ಫ್ರೇಮ್‌ನಲ್ಲಿ ಓಡಿಸಿದಾಗ ಎಲ್ಲರೂ ಒಂದೂವರೆ ಪಟ್ಟು ಚುರುಕಾಗಿ ದಡಬಡ ನಡೆಯುವಂತೆ ಕಂಡರು. ಅದು ಪ್ರೊಜೆಕ್ಟರಿನ ದೋಷ. ಸಾಫ್ಟ್‌ವೇರಿನಲ್ಲಿ ವೇಗ ಹೆಚ್ಚಿಸಿ, ಮೇಲೆ ಗೀರುಗಳ ಫಿಲ್ಟರ್ ಹಾಕುವವರು ನಕಲು ಮಾಡುತ್ತಿರುವುದು ಆ ಚಿತ್ರಕ್ಕೆ ಆಮೇಲೆ ಆದ ಗಾಯವನ್ನು, ಆ ಚಿತ್ರವನ್ನಲ್ಲ.

ಸಾಲ ತರುವುದರಲ್ಲಿ ತರತಮ ಹೇಗೆಂಬುದನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಯೋಚಿಸಿದ್ದಾರೆ. 9ನೇ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ ಎಂಬ ಕಾವ್ಯಮೀಮಾಂಸೆಯ ಗ್ರಂಥದ ಕೊನೆಯ ಉದ್ಯೋತದಲ್ಲಿ, ಎಂದರೆ ಅಧ್ಯಾಯದಲ್ಲಿ, ಒಂದು ಕಾವ್ಯ ಇನ್ನೊಂದನ್ನು ಹೋಲುವ ಮೂರು ಬಗೆ ಹೇಳುತ್ತಾನೆ: ಕನ್ನಡಿಯ ಬಿಂಬದಂತೆ, ಬರೆದ ಚಿತ್ರದಂತೆ, ಒಬ್ಬರನ್ನೊಬ್ಬರು ಹೋಲುವ ಎರಡು ಜೀವಗಳಂತೆ. ಮೊದಲನೆಯದಕ್ಕೆ ತನ್ನದೆಂಬ ಆತ್ಮವಿಲ್ಲ, ಎರಡನೆಯದರ ಆತ್ಮ ತುಚ್ಛ, ಮೂರನೆಯದನ್ನು ಕವಿ ಬಿಡಬೇಕಿಲ್ಲ. ಮ್ಯೂಸಿಕ್ ವಿಡಿಯೊ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಮಡೋನಾಳ ‘ಮೆಟೀರಿಯಲ್ ಗರ್ಲ್’ (1985, ನಿರ್ದೇಶನ ಮೇರಿ ಲ್ಯಾಂಬರ್ಟ್) ಆ ಮೂರನೆಯ ಬಗೆಗೆ ಸೇರಿದ್ದು. 1953ರ ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಮರ್ಲಿನ್ ಮನ್ರೋ ವಜ್ರಗಳನ್ನು ಹೊಗಳಿ ಹಾಡುವ ದೃಶ್ಯದ ಗುಲಾಬಿ ಗೌನು, ಉದ್ದ ಕೈಗವಸು, ಕೆಂಪು ಹಿನ್ನೆಲೆ, ಸುತ್ತ ಕಪ್ಪು ಸೂಟಿನ ಗಂಡಸರು ಎಲ್ಲವೂ ಇಲ್ಲಿವೆ. ಆದರೆ ವಿಡಿಯೊದ ಕತೆಯಲ್ಲಿ ಆ ಹಾಡು ನಟಿಯೊಬ್ಬಳು ಕ್ಯಾಮೆರಾ ಮುಂದೆ ಮಾಡುವ ಪಾತ್ರ ಅಷ್ಟೇ. ಸೆಟ್ಟಿನ ಹೊರಗೆ ಅವಳಿಗೆ ದುಬಾರಿ ಉಡುಗೊರೆ ಬೇಡ, ಡೇಸಿ ಹೂ ತಂದವನು ಬೇಕು. ಮೈ ಅದೇ, ಜೀವ ಬೇರೆ.

ಮೈಕೆಲ್ ಜಾಕ್ಸನ್‌ನ ‘ಸ್ಮೂತ್ ಕ್ರಿಮಿನಲ್’ (1988) ನೋಡಿ. ಬಿಳಿ ಸೂಟು, ಹ್ಯಾಟು, ದುಷ್ಟರು ತುಂಬಿದ ಕ್ಲಬ್ಬು, ಇವು 1953ರ ‘ದ ಬ್ಯಾಂಡ್ ವ್ಯಾಗನ್’ ಚಿತ್ರದಲ್ಲಿ ಹಾಲಿವುಡ್‌ನ ನರ್ತಕ-ನಟ ಫ್ರೆಡ್ ಅಸ್ಟೇರ್ ಪತ್ತೇದಾರನಾಗಿ ಕುಣಿಯುವ ಭಾಗದ ಋಣ. ಸುಮಾರು 45 ಡಿಗ್ರಿ ಮುಂದಕ್ಕೆ ವಾಲುವ ಆ ಪ್ರಸಿದ್ಧ ಭಂಗಿ ಮಾತ್ರ ಅಸ್ಟೇರ್‌ನದಲ್ಲ. ವಿಡಿಯೊದಲ್ಲಿ ಅದಕ್ಕೆ ತಂತಿ ಕಟ್ಟಿದ್ದರು. ವೇದಿಕೆಗಾಗಿ ಆಮೇಲೆ ವಿಶೇಷ ಬೂಟು ಮಾಡಿಸಿದರು: ಹಿಮ್ಮಡಿಯಲ್ಲಿ ಒಂದು ಸೀಳು, ನೆಲದಿಂದ ಮೇಲೇಳುವ ಗೂಟಕ್ಕೆ ಅದು ಸಿಕ್ಕಿಕೊಳ್ಳುತ್ತದೆ. 1993ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಜಾಕ್ಸನ್ ಹೆಸರೂ ಅದರಲ್ಲಿದೆ. ಇನ್ನು ಅಸ್ಟೇರ್‌ನ ದಾರಿ ಹಿಡಿಯುವವರು ತಿಳಿದಿರಬೇಕಾದ್ದು: ತಲೆಯಿಂದ ಕಾಲಿನವರೆಗೆ ಇಡೀ ದೇಹ ಫ್ರೇಮಿನಲ್ಲಿರಬೇಕು, ಕಟ್‌ಗಳು ಕಡಿಮೆ ಇರಬೇಕು ಎಂಬುದು ಅವನ ಹಟವಾಗಿತ್ತು. ಅವನ ಹ್ಯಾಟು ತೊಡಿಸಿ ಸೆಕೆಂಡಿಗೊಂದು ಕಟ್ ಮಾಡಿದರೆ ಉಳಿಯುವುದು ಹ್ಯಾಟು ಮಾತ್ರ.

ಮೂಲ ಫಿಲಂ ತುಣುಕನ್ನೇ ಬಳಸುವುದು ಬೇರೆ ದಾರಿ. ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ‘ರೇಡಿಯೊ ಗಾ ಗಾ’ (1984) ಫ್ರಿಟ್ಸ್ ಲಾಂಗ್‌ನ 1927ರ ಜರ್ಮನ್ ಮೂಕಿ ಚಿತ್ರ ‘ಮೆಟ್ರೊಪೊಲಿಸ್’ನ ದೃಶ್ಯಗಳನ್ನು ಸೇರಿಸಿಕೊಂಡು, ಕೊನೆಗೆ ಆ ಚಿತ್ರಕ್ಕೆ ಧನ್ಯವಾದವನ್ನೂ ಹೇಳುತ್ತದೆ.

ಹೋಮೇಜ್ ಯಾವಾಗ ಕಳವಿನ ಆರೋಪಕ್ಕೆ ತಿರುಗುತ್ತದೆ? ಅಮೆರಿಕದ ಗಾಯಕಿ ಬಿಯಾನ್ಸೆಯ ‘ಕೌಂಟ್‌ಡೌನ್’ (2011) ಒಂದರಲ್ಲೇ ಎರಡೂ ತುದಿಗಳಿವೆ. ಕಪ್ಪು ಉಡುಪು, ಹಣೆಯ ಮೇಲೆ ಕತ್ತರಿಸಿದ ಕೂದಲು ಕಂಡೊಡನೆ ಜನ ಆಡ್ರಿ ಹೆಪ್‌ಬರ್ನ್‌ಳ 1957ರ ‘ಫನಿ ಫೇಸ್’ ಎಂದರು, ತಕರಾರು ಬರಲಿಲ್ಲ. ಆದರೆ ಅದೇ ವಿಡಿಯೊದ ಕೆಲವು ಚಲನೆಗಳು ಮತ್ತು ಶಾಟ್‌ಗಳು ಬೆಲ್ಜಿಯಂನ ನೃತ್ಯ ಸಂಯೋಜಕಿ ಆನ್ ತೆರೇಸಾ ದ ಕೀರ್ಸ್‌ಮಾಕರ್ ಅವರ ‘ರೋಸಾಸ್ ಡಾನ್ಸ್ಟ್ ರೋಸಾಸ್’ (1983) ನೃತ್ಯದ ಚಿತ್ರರೂಪವನ್ನು ಹೋಲುತ್ತಿದ್ದವು. ಅವರು ಬಹಿರಂಗವಾಗಿ ಆಕ್ಷೇಪಿಸಿದರು. ಅನೇಕ ಪ್ರೇರಣೆಗಳಲ್ಲಿ ಅದೂ ಒಂದು ಎಂದು ಬಿಯಾನ್ಸೆ ಒಪ್ಪಿಕೊಂಡರು. ವ್ಯತ್ಯಾಸ ಇರುವುದು ಮೂಲದ ಪ್ರಸಿದ್ಧಿಯಲ್ಲಿ. ಹೆಪ್‌ಬರ್ನ್‌ಳ ಹೆಸರನ್ನು ಯಾರೂ ಹೇಳಬೇಕಿಲ್ಲ, ಮುಖವೇ ಹೇಳುತ್ತದೆ. ಸಮಕಾಲೀನ ನೃತ್ಯ ನೋಡುವ ಸಣ್ಣ ವಲಯಕ್ಕಷ್ಟೇ ಗೊತ್ತಿರುವ ಕೃತಿಯಿಂದ ತಂದರೆ, ನೋಡುವ ಕೋಟಿ ಜನ ಅದನ್ನು ತಂದವರದೇ ಎಂದುಕೊಳ್ಳುತ್ತಾರೆ. ಮೂಲ ಎಷ್ಟು ಅಪರಿಚಿತವೋ ಅಷ್ಟು ಸ್ಪಷ್ಟವಾಗಿ ಹೆಸರು ಹಾಕಲೇಬೇಕು, ವಿಡಿಯೊ ಹೊರಬರುವ ಮೊದಲೇ.

2013ರಲ್ಲಿ ಕೀರ್ಸ್‌ಮಾಕರ್ ಅವರ ತಂಡ ಆ ನೃತ್ಯದಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಭಾಗದ ಚಲನೆಗಳನ್ನು ಬಿಡಿಬಿಡಿಯಾಗಿ ಕಲಿಸುವ ವಿಡಿಯೊಗಳನ್ನು ಅಂತರ್ಜಾಲದಲ್ಲಿ ಹಾಕಿ, ಯಾರು ಬೇಕಾದರೂ ತಮ್ಮ ರೂಪ ಮಾಡಿ ಕಳಿಸಿ ಎಂದು ಕರೆಕೊಟ್ಟಿತು.