ಕರುಳಿನ ಕ್ಯಾನ್ಸರಿಗೆ ಎಂಎಸ್ಐ ಪರೀಕ್ಷೆ: ಬಂದ ದಾರಿ, ನಮ್ಮಲ್ಲಿ ಆಗಬೇಕಾದ್ದು

ದೊಡ್ಡಕರುಳಿನ ಗಡ್ಡೆ ತೆಗೆಸಿಕೊಂಡವರ ಬಯಾಪ್ಸಿ ರಿಪೋರ್ಟಿನಲ್ಲಿ ‘ಎಂಎಸ್ಐ’ ಅಥವಾ ‘ಎಂಎಂಆರ್’ ಎಂಬ ಅಕ್ಷರ ಕಂಡರೆ ಮನೆಯವರು ಗಾಬರಿಯಾಗುತ್ತಾರೆ. ಇದು ಇನ್ನೊಂದು ರೋಗವಲ್ಲ. ಇರುವ ಕ್ಯಾನ್ಸರ್ ಯಾವ ಜಾತಿಯದು, ಯಾವ ಔಷಧಿಗೆ ಬಗ್ಗೀತು, ಮಕ್ಕಳಿಗೂ ಬರುವ ಭಯವಿದೆಯೇ ಎಂದು ತಿಳಿಸುವ ಪರೀಕ್ಷೆ.

ಇದರ ಕಥೆ ಶುರುವಾದದ್ದು ಲ್ಯಾಬಿನಲ್ಲಲ್ಲ. 1895ರಲ್ಲಿ ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳೊಬ್ಬಳು ಪ್ಯಾಥಾಲಜಿಸ್ಟ್ ಆಲ್‌ಡ್ರೆಡ್ ವಾರ್ಥಿನ್ ಬಳಿ ತನ್ನ ಸಂಕಟ ತೋಡಿಕೊಂಡಳು. ಮನೆತನದಲ್ಲಿ ಬಹಳ ಜನ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗಿದ್ದಾರೆ, ತನಗೂ ಅದೇ ಗತಿ ಎಂದಳು. ಮುಂದೆ ಆಕೆ ತೀರಿಕೊಂಡದ್ದೂ ಗರ್ಭಕೋಶದ ಕ್ಯಾನ್ಸರಿನಿಂದಲೇ. ವಾರ್ಥಿನ್ ಆ ವಂಶಾವಳಿಯನ್ನು 1913ರಲ್ಲಿ ಪ್ರಕಟಿಸಿದರು. ಅಂಥ ಇನ್ನೆರಡು ಮನೆತನಗಳನ್ನು ಹೆನ್ರಿ ಲಿಂಚ್ 1966ರಲ್ಲಿ ವರದಿ ಮಾಡಿದರು. ಈಗ ಈ ತೊಂದರೆಗೆ ಅವರದೇ ಹೆಸರು, ಲಿಂಚ್ ಸಿಂಡ್ರೋಮ್.

ಕಾರಣ ಸಿಕ್ಕಿದ್ದು 1993ರಲ್ಲಿ. ನಮ್ಮ ಡಿಎನ್ಎಯಲ್ಲಿ ಅಲ್ಲಲ್ಲಿ ಒಂದೇ ಅಕ್ಷರ ಅಥವಾ ಚಿಕ್ಕ ತುಣುಕು ಸಾಲಾಗಿ ಮರುಕಳಿಸುತ್ತದೆ. ಆ ಸಾಲುಗಳೇ ಮೈಕ್ರೋಸ್ಯಾಟಲೈಟ್. ಮಗ್ಗಿ ಬರೆಯುವ ಹುಡುಗನಿಗೆ ‘ಅ’ ಅಕ್ಷರವನ್ನು 26 ಸಲ ಬರೆ ಎಂದರೆ ಎಣಿಕೆ ತಪ್ಪುವಂತೆ, ಕೋಶ ಒಡೆದು ಎರಡಾಗುವಾಗಲೂ ಇಲ್ಲಿ ಎಣಿಕೆ ತಪ್ಪುತ್ತದೆ. ತಪ್ಪನ್ನು ಆಗಿಂದಾಗಲೇ ತಿದ್ದುವ ಪ್ರೋಟೀನುಗಳು (ಈ ತಿದ್ದುವ ಕೆಲಸವೇ ಎಂಎಂಆರ್, ಮಿಸ್‌ಮ್ಯಾಚ್ ರಿಪೇರ್) ಕೆಟ್ಟರೆ ಸಾಲಿನ ಉದ್ದ ಏರುಪೇರಾಗುತ್ತದೆ. ಅದೇ ಎಂಎಸ್ಐ, ಅಂದರೆ ಮೈಕ್ರೋಸ್ಯಾಟಲೈಟ್ ಇನ್‌ಸ್ಟೆಬಿಲಿಟಿ. ಮೂರು ತಂಡಗಳು ಬೇರೆಬೇರೆಯಾಗಿ ಇದನ್ನು ಕರುಳಿನ ಗಡ್ಡೆಗಳಲ್ಲಿ ಕಂಡವು. ಈ ಪ್ರೋಟೀನುಗಳನ್ನು ಮಾಡಿಸುವ, ಹುಟ್ಟಿನಿಂದಲೇ ಕೆಟ್ಟಿದ್ದರೆ ಲಿಂಚ್ ತರುವ ಜೀನುಗಳಲ್ಲಿ ಅದೇ ವರ್ಷ ಎಂಎಸ್ಎಚ್2, ಮರುವರ್ಷ ಎಂಎಲ್ಎಚ್1 ಗೊತ್ತಾದವು. ಈ ತಿದ್ದುವ ಕೆಲಸದ ಒಳಗುಟ್ಟು ಬಿಡಿಸಿದ ಪಾಲ್ ಮಾಡ್ರಿಚ್ 2015ರಲ್ಲಿ ನೊಬೆಲ್ ಹಂಚಿಕೊಂಡರು.

ಪರೀಕ್ಷೆಯ ಅಳತೆಗೋಲು ನಿಂತದ್ದು 1997ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಡೆದ ಸಭೆಯಲ್ಲಿ: ಗೊತ್ತುಮಾಡಿದ ಐದು ಮೈಕ್ರೋಸ್ಯಾಟಲೈಟ್ ಸಾಲುಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಉದ್ದ ಬದಲಾಗಿದ್ದರೆ ‘ಎಂಎಸ್ಐ ಹೈ’. ಇದಕ್ಕೆ ಡಿಎನ್ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸಿ ನೋಡುವ ಪಿಸಿಆರ್ ಬೇಕು. ಅದಕ್ಕಿಂತ ಸುಲಭದ ದಾರಿ ಪ್ಯಾಥಾಲಜಿ ಲ್ಯಾಬಿನಲ್ಲಿದೆ. ಎಂಎಲ್ಎಚ್1, ಪಿಎಂಎಸ್2, ಎಂಎಸ್ಎಚ್2, ಎಂಎಸ್ಎಚ್6 ಎಂಬ ನಾಲ್ಕು ಪ್ರೋಟೀನುಗಳಿಗೆ ನಾಲ್ಕು ಸ್ಲೈಡಿಗೆ ಬಣ್ಣ ಹಾಕುವುದು. ಗಡ್ಡೆಯ ಕೋಶಗಳಲ್ಲಿ ಕಂದು ಬಣ್ಣ ಬರದೆ, ಪಕ್ಕದ ಆರೋಗ್ಯವಂತ ಕೋಶಗಳಲ್ಲಿ ಬಂದರೆ ಆ ಪ್ರೋಟೀನು ಇಲ್ಲವೆಂದು ಅರ್ಥ; ಅಂಥ ಗಡ್ಡೆ ಸಾಮಾನ್ಯವಾಗಿ ಎಂಎಸ್ಐ ಹೈ ಆಗಿರುತ್ತದೆ.

ಈ ಓದು ಮಾದರಿಯ ಗುಣದ ಮೇಲೆ ನಿಂತಿದೆ. ಅಥಣಿ, ಇಂಡಿ, ಮುಧೋಳದಲ್ಲಿ ಶಸ್ತ್ರಚಿಕಿತ್ಸೆಯಾಗಿ ತುಂಡು ಬೇರೆ ಊರಿನ ಲ್ಯಾಬಿಗೆ ಹೋಗುವುದಾದರೆ, ತೆಗೆದ ಕೂಡಲೇ ಕೊಳೆಯದಂತೆ ಕಾಯುವ ದ್ರವವಾದ ಫಾರ್ಮಲಿನ್ ಸಾಕಷ್ಟು ತುಂಬಿ, ಆ ಫಾರ್ಮಲಿನ್‌ನಲ್ಲಿ ಹಾಕಬೇಕು. ತಡವಾಗಿ ಕೊಳೆತರೆ ಬಣ್ಣ ನಂಬಿಕೆಗೆ ಬಾರದು. ದುಬಾರಿ ಯಂತ್ರ ತರುವ ಮಾತಿಗಿಂತ ಮೊದಲು ಇದು ಸರಿಯಾಗಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ಪರೀಕ್ಷೆಯ ಬೆಲೆ ಎಲ್ಲರಿಗೂ ತಿಳಿದದ್ದು ಇಮ್ಯುನೋಥೆರಪಿ, ಅಂದರೆ ಮೈಯ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ, ಬಂದ ಮೇಲೆ. 2017ರ ಮೇನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಡ್ಡೆ ಯಾವ ಅಂಗದ್ದೆಂದು ನೋಡದೆ ಎಂಎಸ್ಐ ಹೈ ಆಗಿದ್ದರೆ ಪೆಂಬ್ರೋಲಿಝುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಕೊಡಲು ಒಪ್ಪಿತು. 2022ರಲ್ಲಿ ಗುದನಾಳದ ಇಂಥ ಕ್ಯಾನ್ಸರಿದ್ದ ಮೊದಲ 12 ರೋಗಿಗಳಲ್ಲಿ ಡೋಸ್ಟಾರ್ಲಿಮ್ಯಾಬ್ ಎಂಬ ಅಂಥದೇ ಔಷಧಿ ಒಂದರಿಂದಲೇ ಗಡ್ಡೆ ಕಾಣದಂತಾಯಿತು, ಆಪರೇಷನ್ನೂ ಬೇಕಾಗಲಿಲ್ಲ. ಕರುಳಿನ ಕ್ಯಾನ್ಸರುಗಳಲ್ಲಿ ಶೇ 15ರಷ್ಟು ಮಾತ್ರ ಈ ಜಾತಿಯವು, ಔಷಧಿಗೂ ಲಕ್ಷಗಟ್ಟಲೆ ಖರ್ಚು. ಆದರೂ ಚಿಕಿತ್ಸೆ ಶುರುವಾಗುವ ಮುಂಚೆಯೇ ಕರುಳಿನ, ಗರ್ಭಕೋಶದ ಒಳಪದರದ ಕ್ಯಾನ್ಸರಿನವರೆಲ್ಲರಿಗೂ ಈ ನಾಲ್ಕು ಬಣ್ಣ ಆಗಲೇಬೇಕು. ಹುಬ್ಬಳ್ಳಿ, ಮಿರಜ್, ಮುಂಬಯಿಗೆ ಹೊರಟವರು ರಿಪೋರ್ಟಿನ ಜೊತೆ ಗಡ್ಡೆಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆಯಲಿ. ಪರೀಕ್ಷೆ ಆಗುವುದು ಅದರಿಂದಲೇ.

ಬಣ್ಣ ಬರಲಿಲ್ಲವೆಂದ ಮಾತ್ರಕ್ಕೆ ಅದು ವಂಶದ ರೋಗವೇ ಆಗಬೇಕೆಂದಿಲ್ಲ. ವಯಸ್ಸಾದವರಲ್ಲಿ ಎಂಎಲ್ಎಚ್1 ಜೀನ್ ಗಡ್ಡೆಯಲ್ಲಷ್ಟೇ ಕೆಲಸ ನಿಲ್ಲಿಸಿ ಬಾಯಿ ಮುಚ್ಚಿಕೊಂಡಿರುವುದೇ ಹೆಚ್ಚು. ನಿಜಕ್ಕೂ ಲಿಂಚ್ ಆಗಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ; ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ರಕ್ತಪರೀಕ್ಷೆಯಿಂದ ತಿಳಿದುಕೊಂಡು ಕೊಲೊನೊಸ್ಕೋಪಿ ಮಾಡಿಸುತ್ತಾ ಬಂದರೆ ಕ್ಯಾನ್ಸರ್ ತಡೆಯಬಹುದು.

ನಮ್ಮ ಭಾಗಕ್ಕೆ ಇನ್ನೊಂದು ಚಿಂತೆ ಸೇರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇಲ್ಲಿ ಇನ್ನೂ ಇದೆ. ಗಂಡ ಹೆಂಡಿರಿಬ್ಬರಲ್ಲೂ ಲಿಂಚ್ ತರುವ ಒಂದೇ ಜೀನಿನ ದೋಷವಿದ್ದರೆ, ಮಗುವಿಗೆ ಎರಡೂ ಕಡೆಯಿಂದ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಿಗೆ ಎಳವೆಯಲ್ಲೇ ಮಿದುಳು, ರಕ್ತ, ಕರುಳಿನ ಕ್ಯಾನ್ಸರ್ ಬರಬಹುದು, ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳೂ ಕಾಣಬಹುದು. ಆದ್ದರಿಂದ ಲಿಂಚ್ ಖಚಿತವಾದ ಮನೆತನದವರು ಬಳಗದಲ್ಲೇ ಹೊಸ ಸಂಬಂಧ ಗೊತ್ತುಮಾಡುವ ಮೊದಲು ಹುಡುಗ, ಹುಡುಗಿ ಇಬ್ಬರನ್ನೂ ವಂಶದ ರೋಗದ ಬಗ್ಗೆ ತಜ್ಞರು ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲಿಂಗಿಗೆ ಕರೆದೊಯ್ಯಬೇಕು.